ಪ್ರೊಸೆಸರ್ ಕೊಂಡೆ, ಕಾರ್ಡ್ ಕೊಳ್ಳಲಿಲ್ಲ

ನನ್ನ ಗೇಮಿಂಗ್ ಕಂಪ್ಯೂಟರ್ 2017ರದ್ದು. ಎಎಂಡಿಯ ರೈಜನ್ 5 1600 ಪ್ರೊಸೆಸರ್, ಬಿ350 ಚಿಪ್‌ಸೆಟ್ಟಿನ ಮದರ್‌ಬೋರ್ಡ್, ಎಂಟೆಂಟು ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್‌ಗಳು, ಎನ್ವಿಡಿಯಾದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ (ತೆರೆಯ ಮೇಲಿನ ಚಿತ್ರ ಬಿಡಿಸುವ ಭಾಗ), ಅದೂ ಆರು ಜಿಬಿಯದು. ಆ ವರ್ಷ ಮಧ್ಯಮ ದರ್ಜೆಯಲ್ಲಿ ಇದಕ್ಕಿಂತ ಒಳ್ಳೆಯ ಜೋಡಣೆ ಇರಲಿಲ್ಲ ಎಂದು ಈಗಲೂ ಯಾರೊಂದಿಗೆ ಬೇಕಾದರೂ ವಾದಕ್ಕೆ ಕೂರುತ್ತೇನೆ. ಆದರೆ 2025ರಲ್ಲಿ ಈ ಯಂತ್ರಕ್ಕೆ ಒಂದರ ಹಿಂದೆ ಒಂದರಂತೆ ನೋಟಿಸು ಬರತೊಡಗಿತು. ಮೇ ತಿಂಗಳಲ್ಲಿ ‘ಡೂಮ್: ದ ಡಾರ್ಕ್ ಏಜಸ್’ ಬಿಡುಗಡೆಯಾಯಿತು. ಅದಕ್ಕೆ ಕಾರ್ಡಿನಲ್ಲೇ ರೇ ಟ್ರೇಸಿಂಗ್ ಸೌಲಭ್ಯ, ಅಂದರೆ ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವ ಸಾಮರ್ಥ್ಯ, ಇರಬೇಕು. ಗ್ರಾಫಿಕ್ಸ್ ಎಷ್ಟೇ ತಗ್ಗಿಸಿದರೂ 1060ರಲ್ಲಿ ಆಟ ಶುರುವಾಗುವುದೇ ಇಲ್ಲ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅದೇ ತಿಂಗಳು ಎನ್ವಿಡಿಯಾ ತನ್ನ ಪಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ, ಅಂದರೆ ನನ್ನದಕ್ಕೂ, ಹೊಸ ಆಟಗಳಿಗೆ ಹೊಂದಿಸಿದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಡುವುದನ್ನು ನಿಲ್ಲಿಸಿತು. ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತಾ ಪರಿಷ್ಕರಣೆ ಮಾತ್ರ.

ಕೈಯಲ್ಲಿ ಸ್ವಲ್ಪ ಹಣವಿತ್ತು. ಪೂರ್ತಿ ಹೊಸ ಯಂತ್ರಕ್ಕೆ ಬೇಕಾದದ್ದರ ಅರ್ಧದಷ್ಟು. ಈ ‘ಅರ್ಧ’ ಎನ್ನುವ ಮೊತ್ತವೇ ತಾಪತ್ರಯದ್ದು. ಏನೂ ಇಲ್ಲದಿದ್ದರೆ ಯೋಚನೆಯೇ ಇರುತ್ತಿರಲಿಲ್ಲ, ಪೂರ್ತಿ ಇದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಆಟದ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದ ಗೆಳೆಯನೊಬ್ಬನನ್ನು ಕೇಳಿದೆ.

“ಹಳೆಯದಕ್ಕೆ ಒಂದು ಬಿಡಿಭಾಗವನ್ನೂ ಹಾಕಬೇಡ. ಇನ್ನೊಂದು ವರ್ಷ ಕೂಡಿಡು, ಎಲ್ಲವನ್ನೂ ಒಟ್ಟಿಗೆ ಬದಲಿಸು,” ಎಂದ.

“ಒಂದು ವರ್ಷದ ನಂತರ ಬೆಲೆ ಇಳಿದಿರುತ್ತದೆ ಎಂದು ಯಾರು ಹೇಳಿದರು?”

“ಯಾವಾಗಲೂ ಇಳಿಯುತ್ತದಲ್ಲ!”

ಆ ‘ಯಾವಾಗಲೂ’ ಎಂಬುದರ ಬಗ್ಗೆ ಮುಂದೆ ಹೇಳುತ್ತೇನೆ. ಅವನ ಮಾತಿನಲ್ಲಿ ಅರ್ಥವಿರಲಿಲ್ಲ ಎಂದಲ್ಲ. ಹಳೆಯ ಯಂತ್ರಕ್ಕೆ ಇಂದು ಪ್ರೊಸೆಸರ್, ನಾಳೆ ಕಾರ್ಡ್, ನಾಡಿದ್ದು ಪವರ್ ಸಪ್ಲೈ ಎಂದು ಸುರಿಯುತ್ತಾ ಹೋಗಿ, ಕೊನೆಗೆ ಹೊಸದರ ಬೆಲೆಯನ್ನೇ ಕೊಟ್ಟು ಹಳೆಯದನ್ನೇ ಇಟ್ಟುಕೊಂಡವರನ್ನು ನಾನೂ ಕಂಡಿದ್ದೇನೆ. ಆದರೆ ಕೊಳ್ಳಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಈ ಯಂತ್ರ ಎಲ್ಲಿ ಎಡವುತ್ತಿದೆ ಎಂಬುದು ತಿಳಿಯಬೇಕಿತ್ತು. ‘ನಿಧಾನವಾಗಿದೆ’ ಎನ್ನುವುದು ದೂರು, ಅದರಿಂದ ಏನನ್ನು ಕೊಳ್ಳಬೇಕೆಂದು ಗೊತ್ತಾಗುವುದಿಲ್ಲ.

ಮೊದಲು ಪೆಟ್ಟಿಗೆ ಬಿಚ್ಚಿ ಧೂಳು ತೆಗೆದೆ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ಕಾರ್ಡಿನ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಬಟ್ಟೆಯಂತೆ ನೇಯ್ದುಕೊಂಡಿತ್ತು. ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದೆ. ಆಟದ ವೇಳೆ 83 ಡಿಗ್ರಿಗೆ ಅಂಟಿಕೊಂಡಿರುತ್ತಿದ್ದ ಕಾರ್ಡು 70ರ ಆಸುಪಾಸಿಗೆ ಇಳಿಯಿತು. 83 ಎಂಬುದು ಕಾಕತಾಳೀಯವಲ್ಲ. ಈ ಪೀಳಿಗೆಯ ಕಾರ್ಡುಗಳಿಗೆ ಕಾರ್ಖಾನೆಯಲ್ಲೇ ಇಟ್ಟ ತಾಪದ ಗುರಿ ಅದು. ಅಲ್ಲಿಗೆ ಮುಟ್ಟಿದೊಡನೆ ಕಾರ್ಡು ತಾನಾಗಿಯೇ ವೇಗ ತಗ್ಗಿಸಿಕೊಂಡು ಶಾಖವನ್ನು ಹಿಡಿತದಲ್ಲಿ ಇಡುತ್ತದೆ. ಅಂದರೆ ಎಷ್ಟೋ ಕಾಲದಿಂದ ನನ್ನ ಕಾರ್ಡು ತನ್ನ ಪೂರ್ಣ ವೇಗದಲ್ಲಿ ಓಡಿಯೇ ಇರಲಿಲ್ಲ. ಶುಚಿ ಮಾಡಿದ ಮೇಲೆ ಫ್ರೇಮುಗಳು, ಅಂದರೆ ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳು, ತುಸುವೇ ಏರಿದವು, ಫ್ಯಾನಿನ ಗದ್ದಲ ಮಾತ್ರ ಬಹಳ ಇಳಿಯಿತು. ರ‍್ಯಾಮ್ ತನ್ನ ಘೋಷಿತ ವೇಗದಲ್ಲಿದೆಯೇ ಎಂದೂ ಬಯಾಸಿನಲ್ಲಿ (ಮದರ್‌ಬೋರ್ಡಿನ ಒಳಗಿನ ಮೂಲ ತಂತ್ರಾಂಶ) ನೋಡಿದೆ. ಬಯಾಸ್ ಒಮ್ಮೆ ಮೂಲಸ್ಥಿತಿಗೆ ಮರಳಿದರೆ ಡಿಡಿಆರ್4 ಸ್ಟಿಕ್‌ಗಳು ಸದ್ದಿಲ್ಲದೆ 2133ಕ್ಕೋ 2400ಕ್ಕೋ ಇಳಿದುಬಿಡುತ್ತವೆ, ರೈಜನ್‌ಗಳಿಗೆ ಆ ಪೆಟ್ಟು ಜೋರಾಗಿಯೇ ಬೀಳುತ್ತದೆ. ನನ್ನದು 2933ರಲ್ಲಿ ಸರಿಯಾಗಿಯೇ ಇತ್ತು.

ಮುಂದಿನದು ಅಳತೆ. ಎಂಎಸ್‌ಐ ಆಫ್ಟರ್‌ಬರ್ನರ್ ಜೊತೆಗೆ ಬರುವ ರಿವಾಟ್ಯೂನರ್ ತೆರೆಯ ಮೂಲೆಯಲ್ಲಿ ಅಂಕಿಗಳನ್ನು ತೋರಿಸುತ್ತದೆ. ಅದರಲ್ಲಿ ಬಹಳ ಜನ ನೋಡುವುದು ಸರಾಸರಿ ಫ್ರೇಮ್ ಸಂಖ್ಯೆಯನ್ನು. ನನಗೆ ಅದಕ್ಕಿಂತ ಮುಖ್ಯವಾದದ್ದು ‘ಒನ್ ಪರ್ಸೆಂಟ್ ಲೋ’, ಅಂದರೆ ಅತಿ ನಿಧಾನದ ನೂರರಲ್ಲೊಂದು ಪಾಲು ಫ್ರೇಮುಗಳು ಎಷ್ಟು ನಿಧಾನ ಎಂಬುದು. ಸರಾಸರಿ 120 ಇದ್ದು ನಡುನಡುವೆ 45ಕ್ಕೆ ಕುಸಿಯುವ ಆಟಕ್ಕಿಂತ ಸದಾ 70ರಲ್ಲಿ ನಿಲ್ಲುವ ಆಟ ಕಣ್ಣಿಗೂ ಕೈಗೂ ಹಿತ.

ನಾನು ಹೆಚ್ಚಾಗಿ ಆಡುವ ಎರಡು ಆಟಗಳು ಎರಡು ಬೇರೆ ಉತ್ತರ ಕೊಟ್ಟವು. ‘ಸೈಬರ್‌ಪಂಕ್ 2077’ರಲ್ಲಿ ಕಾರ್ಡಿನ ಬಳಕೆ ಶೇಕಡಾ 98ರಿಂದ ಕೆಳಗಿಳಿಯಲೇ ಇಲ್ಲ. ಕಾರ್ಡು ಏದುಸಿರು ಬಿಡುತ್ತಿದೆ, ಪ್ರೊಸೆಸರ್ ಅದಕ್ಕಾಗಿ ಕಾಯುತ್ತಿದೆ ಎಂದು ಇದರರ್ಥ. ‘ಕೌಂಟರ್-ಸ್ಟ್ರೈಕ್ 2’ರಲ್ಲಿ ತದ್ವಿರುದ್ಧ. ಕಾರ್ಡಿನ ಬಳಕೆ 60ರಲ್ಲಿ ತೂಗಾಡುತ್ತಿತ್ತು, ಸರಾಸರಿ 120 ಫ್ರೇಮ್ ಇದ್ದರೂ ಹೊಗೆ ಎದ್ದು ನಾಲ್ಕಾರು ಜನ ಒಂದೇ ಕಡೆ ಗುಂಡು ಹಾರಿಸತೊಡಗಿದರೆ 50ರ ಹತ್ತಿರಕ್ಕೆ ಕುಸಿಯುತ್ತಿತ್ತು. ಪ್ರೊಸೆಸರ್ ಬಳಕೆ ಎಷ್ಟು ಎಂದು ನೋಡಿದರೆ ಅದೂ ಬರೀ 45! ಇಬ್ಬರೂ ಬಿಡುವಾಗಿದ್ದಾರೆ, ಕೆಲಸ ಮಾತ್ರ ಆಗುತ್ತಿಲ್ಲ.

ಇಲ್ಲಿ ಅನೇಕರು ದಾರಿ ತಪ್ಪುತ್ತಾರೆ. ಪ್ರೊಸೆಸರ್ ಬಳಕೆಯ ಒಟ್ಟು ಶೇಕಡಾವಾರು ಎಂಬುದು ಹನ್ನೆರಡು ಥ್ರೆಡ್‌ಗಳ, ಅಂದರೆ ಏಕಕಾಲಕ್ಕೆ ನಡೆಯಬಲ್ಲ ಕೆಲಸದ ಎಳೆಗಳ, ಸರಾಸರಿ. ಆಟದ ಮುಖ್ಯ ಕೆಲಸವನ್ನು ಒಂದೆರಡು ಥ್ರೆಡ್‌ಗಳೇ ಹೊತ್ತಿರುತ್ತವೆ. ಆ ಒಂದು ಥ್ರೆಡ್ ದಣಿದು ಬಿದ್ದಿದ್ದರೂ ಉಳಿದವು ಸುಮ್ಮನಿದ್ದರೆ ಸರಾಸರಿ ಕಡಿಮೆಯೇ ಕಾಣುತ್ತದೆ. ಹಾಗಾಗಿ ಈ ಅಂಕಿಯನ್ನು ಬದಿಗಿಟ್ಟು ಇನ್ನೊಂದು ಪರೀಕ್ಷೆ ಮಾಡಿದೆ. ರೆಸಲ್ಯೂಶನ್ನನ್ನು (ಚಿತ್ರದಲ್ಲಿನ ಚುಕ್ಕಿಗಳ ಸಾಲುಗಳನ್ನು) 1080ರಿಂದ 720ಕ್ಕೆ ಇಳಿಸಿದೆ. ಹಾಗೆ ಮಾಡಿದರೆ ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಪ್ರೊಸೆಸರ್‌ನ ಹೊರೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಸೈಬರ್‌ಪಂಕ್‌ನಲ್ಲಿ ಫ್ರೇಮುಗಳು ಜಿಗಿದವು. ಕೌಂಟರ್-ಸ್ಟ್ರೈಕ್‌ನಲ್ಲಿ ಕದಲಲೇ ಇಲ್ಲ. ಅಲ್ಲಿಗೆ ರೋಗ ಯಾವುದೆಂದು ಸ್ಪಷ್ಟವಾಯಿತು.

ಇದರ ಹಿಂದಿನ ಲೆಕ್ಕವನ್ನು ಹೇಳಿಬಿಡುತ್ತೇನೆ, ಏಕೆಂದರೆ ನನ್ನ ನಿರ್ಧಾರ ನಿಂತಿದ್ದು ಇದರ ಮೇಲೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಪ್ರತಿ ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. 144 ಬೇಕೆಂದರೆ 6.9. ಪ್ರೊಸೆಸರ್ ಮುಂದಿನ ಫ್ರೇಮಿನ ಲೆಕ್ಕ ಹಾಕುತ್ತಿರುವಾಗಲೇ ಕಾರ್ಡು ಹಿಂದಿನದನ್ನು ಬಿಡಿಸುತ್ತಿರುತ್ತದೆ. ಹಾಗಾಗಿ ಇಬ್ಬರ ಸಮಯವನ್ನು ಕೂಡಬಾರದು, ಇಬ್ಬರಲ್ಲಿ ನಿಧಾನ ಯಾರು ಎಂದು ನೋಡಬೇಕು. ಪ್ರೊಸೆಸರ್‌ಗೆ 12 ಮಿಲಿಸೆಕೆಂಡ್, ಕಾರ್ಡಿಗೆ 22 ಬೇಕಾದರೆ ಫ್ರೇಮ್ ಬರುವುದು 22ಕ್ಕೊಮ್ಮೆ. ಕಾರ್ಡನ್ನು ಬದಲಿಸಿ ಅದರ ಕೆಲಸವನ್ನು 7ಕ್ಕೆ ಇಳಿಸಿದರೂ ಫ್ರೇಮ್ ಬರುವುದು 12ಕ್ಕೊಮ್ಮೆಯೇ. ಜೋಡೆತ್ತಿನಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಬಂಡಿ ಉಳಿದ ಎತ್ತಿನ ನಡಿಗೆಯಲ್ಲೇ ಸಾಗುತ್ತದೆ. ದುಬಾರಿ ಕಾರ್ಡು ಕೊಂಡು ‘ಅಷ್ಟೇನೂ ವ್ಯತ್ಯಾಸ ಇಲ್ಲವಲ್ಲ’ ಎಂದು ಗೊಣಗುವವರ ಮನೆಯಲ್ಲಿ ಆಗಿರುವುದು ಇದೇ.

ಆದ್ದರಿಂದ ಎರಡೂ ಭಾಗಗಳು ಹಳತಾಗಿವೆ, ಆದರೆ ಬೇರೆ ಬೇರೆ ಆಟಗಳಲ್ಲಿ. ಯಾವ ಆಟಕ್ಕೆ ಎಷ್ಟು ಹೊತ್ತು ಕೊಡುತ್ತಿದ್ದೇನೆ ಎಂಬುದನ್ನು ಆಟಗಳನ್ನು ಕೊಂಡು ಆಡುವ ತಾಣವಾದ ಸ್ಟೀಮ್ ಲೆಕ್ಕ ಇಟ್ಟಿರುತ್ತದೆ. ಅದನ್ನು ತೆರೆದು ನೋಡಿದಾಗ ನಾನು ಯಾವ ಬಗೆಯ ಆಟಗಾರ ಎಂಬ ನನ್ನ ಕಲ್ಪನೆಗೂ ಅಲ್ಲಿನ ಗಂಟೆಗಳಿಗೂ ತಾಳೆಯಾಗಲಿಲ್ಲ. ಹೊಸ, ಭಾರಿ, ಕಣ್ಣು ಕುಕ್ಕುವ ಆಟಗಳನ್ನು ಕೊಂಡದ್ದೇನೋ ನಿಜ. ಗಂಟೆಗಳು ಹೋಗಿದ್ದು ಮಾತ್ರ ಕೌಂಟರ್-ಸ್ಟ್ರೈಕ್‌ಗೆ ಮತ್ತು ‘ಸಿವಿಲೈಸೇಶನ್ 6’ಕ್ಕೆ. ಎರಡನೆಯದರಲ್ಲಿ ಆಟ ಮುಂದುವರಿದಂತೆ ಎದುರಾಳಿಗಳ ಸರದಿ ಮುಗಿಯುವುದನ್ನು ಕಾಯುತ್ತಾ ಕೂರಬೇಕು, ಆ ಕಾಯುವಿಕೆಯೂ ಪ್ರೊಸೆಸರ್‌ನದೇ. ಜಾಹೀರಾತಿನಲ್ಲಿ ಮಿಂಚುವ ಆಟಗಳಿಗಾಗಿ ಕಾರ್ಡು ಕೊಳ್ಳಲು ಹೊರಟಿದ್ದೆ, ಸಂಜೆಗಳನ್ನು ಕಳೆಯುತ್ತಿದ್ದುದು ಪ್ರೊಸೆಸರ್ ಬೇಡುವ ಆಟಗಳಲ್ಲಿ.

ಈಗ ದಾರಿಗಳು. ಪೂರ್ತಿ ಹೊಸ ಯಂತ್ರವೆಂದರೆ ಎಎಂಡಿಯ ಎಎಂ5 ಸಾಕೆಟ್ (ಸಾಕೆಟ್ ಎಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಇದು 2022ರಲ್ಲಿ ಬಂದದ್ದು, ಡಿಡಿಆರ್5 ರ‍್ಯಾಮ್ ಮಾತ್ರ ಸ್ವೀಕರಿಸುತ್ತದೆ. ಹಾಗಾಗಿ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಕೊಳ್ಳಬೇಕು. ಅದಾದ ಮೇಲೂ ಕಾರ್ಡು ಹಳೆಯದೇ. ಕೂಡಿಟ್ಟದ್ದು ಅಲ್ಲಿಗೇ ಖಾಲಿ. ಇನ್ನೊಂದು ದಾರಿ ಇದ್ದ ಎಎಂ4 ಸಾಕೆಟ್ಟಿನಲ್ಲೇ ಪ್ರೊಸೆಸರ್ ಬದಲಿಸುವುದು. ಎಎಂ4 ಒಂದು ವಿಚಿತ್ರ ದೀರ್ಘಾಯುಷಿ. 2017ರ ಮೊದಲ ರೈಜನ್‌ಗೂ ರೈಜನ್ 5000 ಸರಣಿಗೂ ಅದೇ ಸಾಕೆಟ್. ಬಿ350ಯಂಥ ಮೊದಲ ಪೀಳಿಗೆಯ ಬೋರ್ಡುಗಳಿಗೆ 5000 ಸರಣಿಯ ಬೆಂಬಲ ಮೊದಲು ಇರಲಿಲ್ಲ. 2022ರಲ್ಲಿ ಎಎಂಡಿ ಆ ಬಾಗಿಲನ್ನೂ ತೆರೆಯಿತು. ನನ್ನ ಬೋರ್ಡಿನ ತಯಾರಕರ ತಾಣದಲ್ಲಿ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿಯನ್ನು ಹುಡುಕಿ ನೋಡಿದೆ. ರೈಜನ್ 5 5600 ಅದರಲ್ಲಿತ್ತು.

1600ಕ್ಕೂ 5600ಕ್ಕೂ ಕಾಗದದ ಮೇಲೆ ಅಂಥ ಅಂತರ ಕಾಣುವುದಿಲ್ಲ. ಎರಡಕ್ಕೂ ಆರು ಕೋರ್ (ಲೆಕ್ಕ ಹಾಕುವ ಘಟಕ), ಹನ್ನೆರಡು ಥ್ರೆಡ್, 65 ವ್ಯಾಟ್. ಗರಿಷ್ಠ ವೇಗ 3.6ರಿಂದ 4.4 ಗಿಗಾಹರ್ಟ್ಸ್‌ಗೆ ಏರಿದೆ, ಸರಿ. ಆದರೆ ಆಟಗಳಲ್ಲಿ ಕಾಣುವ ವ್ಯತ್ಯಾಸ ಆ ವೇಗದಿಂದಷ್ಟೇ ಬರುವುದಲ್ಲ, ಒಳರಚನೆ ಪೂರ್ತಿ ಬದಲಾಗಿದೆ. 1600ರಲ್ಲಿ ಕೋರ್‌ಗಳು ಮೂರು ಮೂರರ ಎರಡು ಗುಂಪುಗಳಾಗಿ ಕೂತಿವೆ, ಪ್ರತಿ ಗುಂಪಿಗೂ ಎಂಟು ಎಂಬಿಯ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ. ಒಂದು ಗುಂಪಿನ ಕೋರ್‌ಗೆ ಇನ್ನೊಂದು ಗುಂಪಿನ ಬಳಿ ಇರುವ ದತ್ತಾಂಶ ಬೇಕಾದರೆ ಸುತ್ತುದಾರಿ ಹಿಡಿಯಬೇಕು, ಆಟಗಳಲ್ಲಿ ಈ ಓಡಾಟ ನಿರಂತರ. 5600ರಲ್ಲಿ ಆರೂ ಕೋರ್‌ಗಳು ಒಂದೇ ಗುಂಪು, ಎಲ್ಲಕ್ಕೂ ಸೇರಿ 32 ಎಂಬಿ ಕ್ಯಾಶ್. ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. 5500 ಮತ್ತು 5600ಜಿ ಎಂಬ ಹೆಸರಿನವೂ ಪಕ್ಕದಲ್ಲೇ ಇರುತ್ತವೆ, ನೋಡಲು ತಮ್ಮಂದಿರಂತಿರುತ್ತವೆ. ಎರಡರಲ್ಲೂ ಕ್ಯಾಶ್ 16 ಎಂಬಿ ಮಾತ್ರ. ಆಟಕ್ಕಾಗಿ ಕೊಳ್ಳುವವರಿಗೆ ಆ ಅರ್ಧ ಕ್ಯಾಶ್ ದೊಡ್ಡ ನಷ್ಟ.

ಇದೇ ಸಾಕೆಟ್ಟಿಗೆ 2022ರಲ್ಲಿ ಬಂದ 5800ಎಕ್ಸ್3ಡಿ ಎಂಬುದೊಂದಿದೆ, 96 ಎಂಬಿ ಕ್ಯಾಶಿನದು. ಎಎಂ4ರ ರಾಜ ಎನ್ನಬಹುದು. ಆಸೆಯಾಗದೆ ಇರುತ್ತದೆಯೇ? ಹೊಸದಾಗಿ ಸಿಗುವುದು ಕಷ್ಟವಾಗಿತ್ತು, ಬಳಸಿದ್ದಕ್ಕೆ ಜನ ಹೇಳುತ್ತಿದ್ದ ಬೆಲೆಯಲ್ಲಿ ನ್ಯಾಯವಿರಲಿಲ್ಲ. ಅಲ್ಲದೆ ಅದು ದೂಡಿಕೊಡುವ ಫ್ರೇಮುಗಳನ್ನು ಬಿಡಿಸಬೇಕಾದದ್ದು 2016ರಲ್ಲಿ ಬಿಡುಗಡೆಯಾದ ಕಾರ್ಡು. ಆಸೆಯನ್ನು ಅಲ್ಲಿಗೇ ಮಡಚಿಟ್ಟೆ.

ಇಷ್ಟಾದರೂ ಗೆಳೆಯನ ‘ಎಲ್ಲವನ್ನೂ ಒಟ್ಟಿಗೆ’ ಎಂಬ ಮಾತು ತಲೆಯಲ್ಲಿ ಉಳಿದಿತ್ತು. ಅದನ್ನು ತೀರ್ಮಾನಿಸಿದ್ದು ನಾನು ಯೋಚಿಸಿಯೇ ಇರದ ಒಂದು ಭಾಗ: ರ‍್ಯಾಮ್. 2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ಬೆಲೆ ಏರತೊಡಗಿ, ನೋಡುನೋಡುತ್ತಿದ್ದಂತೆ ಎರಡು ಪಟ್ಟನ್ನೂ ದಾಟಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿಯನ್ನು ರಾಶಿಗಟ್ಟಲೆ ಖರೀದಿಸುತ್ತಿದ್ದವು, ತಯಾರಕರು ತಮ್ಮ ಸಾಲುಗಳನ್ನು ಆ ಕಡೆಗೆ ತಿರುಗಿಸಿದ್ದರು. ಡಿಸೆಂಬರ್‌ನಲ್ಲಿ ಮೈಕ್ರಾನ್ ಸಂಸ್ಥೆ ಸಾಮಾನ್ಯ ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯವಹಾರವನ್ನೇ ಬಿಡುವುದಾಗಿ ಘೋಷಿಸಿತು. ಎಸ್‌ಎಸ್‌ಡಿಗಳೂ ಅದೇ ಬಗೆಯ ಕಾರ್ಖಾನೆಗಳಿಂದ ಬರುವುದರಿಂದ ಅವುಗಳ ಬೆಲೆಯೂ ಅಲುಗಾಡಿತು. ಗ್ರಾಫಿಕ್ಸ್ ಕಾರ್ಡಿನ ಮೇಲಿರುವುದೂ ಮೆಮೊರಿಯೇ ಅಲ್ಲವೇ ಎಂಬ ಆತಂಕ ಬೇರೆ.

‘ಯಾವಾಗಲೂ ಇಳಿಯುತ್ತದೆ’ ಎಂಬ ನಂಬಿಕೆಗೆ ಇದು ಮೊದಲ ಪೆಟ್ಟೂ ಅಲ್ಲ. 2021ರಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ಗಳಿಸುವ ‘ಗಣಿಗಾರಿಕೆ’ಯ ಹುಚ್ಚು ಮತ್ತು ಚಿಪ್‌ಗಳ ಕೊರತೆ ಕೂಡಿ ಕಾರ್ಡುಗಳ ಬೆಲೆ ಗಗನಕ್ಕೇರಿತ್ತು. ಆಗ ಬಳಸಿದ 1060ಯನ್ನೂ ಜನ ಹೊಸದರ ಬೆಲೆಗೆ ಕೇಳುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಗಣಿಗಾರಿಕೆಯೇ ಬೇಡವಾದ ಪದ್ಧತಿಗೆ ಬದಲಾದ ಮೇಲೆ ಹಳೆಯ ಕಾರ್ಡುಗಳು ಪ್ರವಾಹದಂತೆ ಮಾರುಕಟ್ಟೆಗೆ ಬಂದವು. ಅಂದು ಕಾದವನು ಗೆದ್ದ. ಆದರೆ ಅವನು ಗೆದ್ದದ್ದು ಲೆಕ್ಕಾಚಾರದಿಂದ ಅಲ್ಲ, ಅವನ ಹಳೆಯ ಕಾರ್ಡು ಅಲ್ಲಿಯವರೆಗೆ ಸಾಯದೆ ಉಳಿದದ್ದರಿಂದ.

ಹೀಗೆ ನೋಡಿದಾಗ ನನ್ನ ಬಳಿಯಿದ್ದ 16 ಜಿಬಿ ಡಿಡಿಆರ್4ಗೆ ಹೊಸ ಬೆಲೆ ಬಂದಿತ್ತು. ಎಎಂ4ರಲ್ಲೇ ಉಳಿದರೆ ಈ ಹೊತ್ತಿನಲ್ಲಿ ರ‍್ಯಾಮ್ ಕೊಳ್ಳುವ ಕೆಲಸವೇ ಇಲ್ಲ, ಬೋರ್ಡೂ ಬೇಡ. 5600 ಪ್ರೊಸೆಸರ್‌ಗೆ ನನ್ನ ಗಂಟಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಸಾಕಿತ್ತು. ಯಾವುದನ್ನು ಕೊಳ್ಳಬೇಕು ಎಂದು ಇಷ್ಟು ಕಾಲ ತೂಗಿದ್ದೆ. ಯಾವುದನ್ನು ಕೊಳ್ಳದೆ ಇರಬಹುದು ಎಂದು ಪಟ್ಟಿ ಮಾಡಿದಾಗ ತಕ್ಕಡಿ ತಾನೇ ವಾಲಿತು.

ಕಾರ್ಡನ್ನು ಯಾಕೆ ಬಿಟ್ಟೆ? ಆಸೆಯಿಲ್ಲದೆ ಅಲ್ಲ. 2025ರಲ್ಲೂ ಕೆಳದರ್ಜೆಯ ಹೊಸ ಕಾರ್ಡುಗಳಲ್ಲಿ ಅನೇಕವು ಎಂಟು ಜಿಬಿಯವೇ. 1080 ರೆಸಲ್ಯೂಶನ್‌ನಲ್ಲೇ ಎಂಟು ಜಿಬಿಯನ್ನು ತುಂಬಿಸಿಬಿಡುವ ಆಟಗಳು ಬಂದಿವೆ. ನನ್ನ ಬೋರ್ಡಿನ ಮಟ್ಟಿಗೆ ಇನ್ನೊಂದು ತೊಡಕಿದೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060 ಇವೆಲ್ಲ ಪಿಸಿಐಇಯ, ಅಂದರೆ ಕಾರ್ಡನ್ನು ಬೋರ್ಡಿಗೆ ಜೋಡಿಸುವ ದತ್ತಾಂಶ ಮಾರ್ಗದ, ಹದಿನಾರು ಲೇನ್‌ಗಳ ಬದಲು ಎಂಟನ್ನೇ ಬಳಸುತ್ತವೆ. ಹೊಸ ಬೋರ್ಡಿನಲ್ಲಿ ಅದರಿಂದ ತೊಂದರೆಯಿಲ್ಲ. ನನ್ನದು ಪಿಸಿಐಇ 3.0, ಪ್ರತಿ ಲೇನಿನ ವೇಗ 4.0ಯ ಅರ್ಧ. ಕಾರ್ಡಿನ ಮೆಮೊರಿ ಸಾಕಾಗುವಷ್ಟು ಕಾಲ ಇದು ಗೊತ್ತೇ ಆಗುವುದಿಲ್ಲ. ಅದು ತುಂಬಿ ದತ್ತಾಂಶ ರ‍್ಯಾಮಿಗೆ ಹೋಗಿಬರಲು ಶುರುವಾದರೆ ಆ ಕಿರಿದಾದ ದಾರಿಯಲ್ಲಿ ಆಟ ಮುಗ್ಗರಿಸುತ್ತದೆ. ಅಂದರೆ ಎಂಟು ಜಿಬಿ ಮತ್ತು ಎಂಟು ಲೇನ್ ಒಂದಕ್ಕೊಂದು ಕೈಜೋಡಿಸಿ ಹಳೆಯ ಬೋರ್ಡಿನವರನ್ನೇ ಹಿಡಿಯುತ್ತವೆ. ಇಂಟೆಲ್‌ನ ಆರ್ಕ್ ಬಿ580ಯಲ್ಲಿ ಹನ್ನೆರಡು ಜಿಬಿ ಇದೆ ಎಂದು ಕಣ್ಣರಳಿಸಿದೆ. ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟಬಲ್ಲ ಸೌಲಭ್ಯ) ಬೇಕೇಬೇಕು, ಹಳೆಯ ಪ್ರೊಸೆಸರ್‌ಗಳ ಜೊತೆ ಅದು ಸೊರಗುತ್ತದೆ ಎಂದು ಪರೀಕ್ಷಕರು ತೋರಿಸಿದ್ದರು. ಉಳಿದದ್ದು ಆರ್‌ಎಕ್ಸ್ 9060 ಎಕ್ಸ್‌ಟಿಯ ಹದಿನಾರು ಜಿಬಿ ಆವೃತ್ತಿ. ಹದಿನಾರು ಲೇನ್, ಸಾಕಷ್ಟು ಮೆಮೊರಿ. ಗಂಟು ಅದಕ್ಕೆ ಹೇಗೋ ಮುಟ್ಟುತ್ತಿತ್ತು, ಆದರೆ ಪ್ರೊಸೆಸರ್‌ಗೆ ಏನೂ ಉಳಿಯುತ್ತಿರಲಿಲ್ಲ. 1600ರ ಜೊತೆ ಅದನ್ನು ಕೂರಿಸಿದರೆ ನಾನು ಹೆಚ್ಚು ಹೊತ್ತು ಆಡುವ ಆಟಗಳಲ್ಲಿ ಒಂದು ಫ್ರೇಮೂ ಏರುತ್ತಿರಲಿಲ್ಲ.

ಆರು ತಿಂಗಳ ನಂತರ ಕಾರ್ಡಿನ ಬೆಲೆಯೂ ಏರಿದರೆ ಎಂಬ ಭಯ ಇತ್ತು, ಈಗಲೂ ಇದೆ. ಭಯಕ್ಕೆ ಹೆದರಿ ಕೊಳ್ಳುವುದೂ ಒಂದು ಬಗೆಯ ಜೂಜು ಎಂದುಕೊಂಡು ಪ್ರೊಸೆಸರ್ ಒಂದನ್ನೇ ತರಿಸಿದೆ.

ಬದಲಿಸುವ ಕೆಲಸದಲ್ಲಿ ಕ್ರಮ ಮುಖ್ಯ. ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯಾಸನ್ನು ನವೀಕರಿಸಬೇಕು. ಹೊಸದನ್ನು ಕೂರಿಸಿದ ಮೇಲೆ ಹಳೆಯ ಬಯಾಸ್ ಅದನ್ನು ಗುರುತಿಸುವುದಿಲ್ಲ, ತೆರೆ ಕಪ್ಪಾಗಿಯೇ ಇರುತ್ತದೆ. ನನ್ನ ಬೋರ್ಡಿನ ಸೂಚನೆಯಲ್ಲಿ ನೇರವಾಗಿ ಕೊನೆಯ ಆವೃತ್ತಿಗೆ ಹಾರಬಾರದು, ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕು ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬಯಾಸ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಬೋರ್ಡೇ ಹೋದಂತೆ, ಆದ್ದರಿಂದ ಯುಪಿಎಸ್ ತುಂಬಿದೆ ಎಂದು ಖಾತ್ರಿ ಮಾಡಿಕೊಂಡೆ. ಆ ಶೇಕಡಾವಾರು ಪಟ್ಟಿ ತೆವಳುವುದನ್ನು ನೋಡುವಾಗ ಉಸಿರಾಟವೂ ಬೇಡವೆನಿಸುತ್ತದೆ.

ಕೂಲರ್ ತೆಗೆಯುವುದು ಇನ್ನೊಂದು ಗಂಡಾಂತರ. ಎಎಂ4 ಪ್ರೊಸೆಸರ್‌ನ ಹೊಟ್ಟೆಯ ಕೆಳಗೆ 1331 ಪಿನ್‌ಗಳಿವೆ. ವರ್ಷಗಳಿಂದ ಒಣಗಿದ ಪೇಸ್ಟು ಕೂಲರನ್ನೂ ಪ್ರೊಸೆಸರನ್ನೂ ಅಂಟಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರವಾಗಿ ಮೇಲೆತ್ತಿದರೆ ಲಾಕ್ ಹಾಕಿದ ಸಾಕೆಟ್ಟಿನಿಂದಲೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಸ್ವಲ್ಪ ಹೊತ್ತು ಭಾರಿ ಆಟವೊಂದನ್ನು ಓಡಿಸಿ ಪ್ರೊಸೆಸರನ್ನು ಬಿಸಿ ಮಾಡಿ, ಯಂತ್ರ ಆರಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿದೆ. ಸಲೀಸಾಗಿ ಬಂತು. ಹಳೆಯ ಪ್ರೊಸೆಸರ್ ಪಿನ್ ಬಾಗದೆ ಉಳಿದದ್ದರಿಂದ ಮಾರಿಯೂ ಆಯಿತು, ಸಿಕ್ಕಿದ್ದು ಅಲ್ಪವೇ.

ವಿಂಡೋಸ್ ವಿಷಯವೂ ಇದರಲ್ಲೇ ಬಗೆಹರಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಮೊದಲ ಪೀಳಿಗೆಯ ರೈಜನ್‌ಗಳಿಲ್ಲ, 5600 ಇದೆ. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿಸ್ತೃತ ಭದ್ರತಾ ಪರಿಷ್ಕರಣೆ ಪಡೆಯುವ ದಾರಿಯೂ ಇತ್ತು. ‘ಏನೂ ಕೊಳ್ಳುವುದಿಲ್ಲ’ ಎನ್ನುವವರಿಗೆ ಅದು ಸಾಕು. ನಾನು ಬಯಾಸಿನಲ್ಲಿ ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯವಾದ ಎಫ್‌ಟಿಪಿಎಂ ಚಾಲೂ ಮಾಡಿದೆ. ಹಳೆಯ ಡಿಸ್ಕ್ ಎಂಬಿಆರ್ ಎಂಬ ಹಿಂದಿನ ಕಾಲದ ವಿಭಜನಾ ಪದ್ಧತಿಯಲ್ಲಿತ್ತು, ವಿಂಡೋಸ್‌ನದೇ ‘ಎಂಬಿಆರ್2ಜಿಪಿಟಿ’ ಸಾಧನದಿಂದ ಬದಲಿಸಿ, ನಂಬಿಕಸ್ತ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್ ಹಚ್ಚಿದೆ. ‘ಬ್ಯಾಟಲ್‌ಫೀಲ್ಡ್ 6’ರಂಥ ಆಟಗಳು ಮೋಸ ತಡೆಯಲು ಸೆಕ್ಯೂರ್ ಬೂಟ್ ಇರಲೇಬೇಕು ಎನ್ನುತ್ತಿವೆ, ಹಾಗಾಗಿ ಇದು ಬರೀ ವಿಂಡೋಸ್‌ನ ಹಟವಲ್ಲ. ಎಫ್‌ಟಿಪಿಎಂನಿಂದ ರೈಜನ್ ಯಂತ್ರಗಳು ಆಗಾಗ ಕ್ಷಣಕಾಲ ತಡವರಿಸುತ್ತವೆ ಎಂಬ ದೂರು 2022ರಲ್ಲಿ ಜೋರಾಗಿತ್ತು. ಎಎಂಡಿ ಒಪ್ಪಿಕೊಂಡು ಹೊಸ ಬಯಾಸಿನಲ್ಲಿ ಸರಿಪಡಿಸಿತು, ನನಗೆ ಅದರ ಸುಳಿವೂ ಕಾಣಲಿಲ್ಲ.

ಫಲಿತಾಂಶ? ಕೌಂಟರ್-ಸ್ಟ್ರೈಕ್‌ನಲ್ಲಿ ಸರಾಸರಿ 170ರ ಹತ್ತಿರ, ಒನ್ ಪರ್ಸೆಂಟ್ ಲೋ 90ರ ಆಸುಪಾಸು. ಸರಾಸರಿಯ ಏರಿಕೆಗಿಂತ ಆ ಎರಡನೆಯ ಅಂಕಿಯೇ ನನಗೆ ಖುಷಿ ಕೊಟ್ಟದ್ದು. ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲ 144 ಹರ್ಟ್ಸ್ ಮಾನಿಟರ್ ಕೊಂಡಿದ್ದಕ್ಕೆ ಈಗ ಅರ್ಥ ಬಂತು. ಸಿವಿಲೈಸೇಶನ್‌ನಲ್ಲಿ ಸರದಿಗಳ ನಡುವಿನ ಕಾಯುವಿಕೆ ಮೊಟಕಾಗಿದೆ, ಅದರಿಂದ ಮಲಗುವ ಹೊತ್ತು ಇನ್ನೂ ತಡವಾಗುತ್ತಿದೆ ಎಂಬುದು ಬೇರೆ ಮಾತು. ಸೈಬರ್‌ಪಂಕ್‌ನ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ, ಲೆಕ್ಕ ಹೇಳಿದ್ದೂ ಅದನ್ನೇ. ಜನಸಂದಣಿಯ ಬೀದಿಗಳಲ್ಲಿ ಮುಗ್ಗರಿಸುತ್ತಿದ್ದದ್ದು ಮಾತ್ರ ನಿಂತಿದೆ. ಕಡಿಮೆ ರೆಸಲ್ಯೂಶನ್ನಿನಲ್ಲಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎಫ್‌ಎಸ್‌ಆರ್ ಹಚ್ಚಿ ಆಡುತ್ತಿದ್ದೇನೆ. ಎನ್ವಿಡಿಯಾದ ಹಳೆಯ ಕಾರ್ಡಿಗೆ ಎನ್ವಿಡಿಯಾದ ಅಂಥದೇ ತಂತ್ರವಾದ ಡಿಎಲ್‌ಎಸ್‌ಎಸ್ ಸಿಗುವುದಿಲ್ಲ, ಪ್ರತಿಸ್ಪರ್ಧಿ ಎಎಂಡಿಯ ತಂತ್ರ ಕೈಹಿಡಿಯುತ್ತದೆ! ತೆಳುವಾದ ತಂತಿಬೇಲಿ, ದೂರದ ಜಾಹೀರಾತು ಫಲಕಗಳು ಸ್ವಲ್ಪ ಮಿನುಗುತ್ತವೆ. ಸಹಿಸಬಹುದು.

ಉಳಿದ ಹಣವನ್ನು ಮುಟ್ಟಿಲ್ಲ, ಅದಕ್ಕೆ ಪ್ರತಿ ತಿಂಗಳು ಸೇರಿಸುತ್ತಿದ್ದೇನೆ. ಆದರೆ ‘ಮುಂದೆ ಯಾವಾಗಲಾದರೂ’ ಎಂದು ಬಿಟ್ಟರೆ ಒಂದು ರಿಯಾಯಿತಿ ಮಾರಾಟದ ರಾತ್ರಿ ಬುದ್ಧಿ ಕೈಕೊಡುತ್ತದೆ ಎಂದು ಗೊತ್ತಿರುವುದರಿಂದ ಷರತ್ತುಗಳನ್ನು ಬರೆದಿಟ್ಟಿದ್ದೇನೆ. ನಿಜವಾಗಿ ಆಡಬೇಕೆನಿಸಿದ ಎರಡು ಆಟಗಳು 1060ರಲ್ಲಿ ಶುರುವಾಗದಿದ್ದರೆ, ಅಥವಾ ಕಾರ್ಡೇ ಕೈಕೊಟ್ಟರೆ, ಅಥವಾ ಹದಿನಾರು ಜಿಬಿಯ ಕಾರ್ಡು ಗಂಟಿನ ಅರ್ಧಕ್ಕೆ ಸಿಕ್ಕರೆ, ಆಗ ಕೊಳ್ಳಬಹುದು. ಡೂಮ್ ಒಂದು ಆಟವಾಯಿತು. ಎರಡನೆಯದು ಇನ್ನೂ ಬಂದಿಲ್ಲ. ಹೊಸ ಪೀಳಿಗೆ ಬಂದಿದೆ ಎಂಬುದನ್ನು ಷರತ್ತುಗಳಲ್ಲಿ ಬೇಕೆಂದೇ ಸೇರಿಸಿಲ್ಲ, ಅದು ಯಾವಾಗಲೂ ಬರುತ್ತಲೇ ಇರುತ್ತದೆ.

ಗೆಳೆಯನಿಗೆ ಈ ಲೆಕ್ಕವನ್ನೆಲ್ಲ ತೋರಿಸಿದೆ. ಅವನು ಒಪ್ಪಲಿಲ್ಲ. “ಎಎಂ4ಗೆ ಹಾಕಿದ್ದು ಸತ್ತ ಹಣ, ಆ ಬೋರ್ಡಿಗೆ ಇನ್ನು ಮುಂದಿನ ಪೀಳಿಗೆಯ ಮೆಟ್ಟಿಲೇ ಇಲ್ಲ,” ಎಂದ. ಮೆಟ್ಟಿಲಿಲ್ಲ ಎಂಬುದು ನಿಜ, ನಾನು ಕೊಂಡದ್ದೂ ಅದು ಕೊನೆಯದು ಎಂದು ತಿಳಿದೇ. ಅವನ ಇನ್ನೊಂದು ಮಾತನ್ನು ಮಾತ್ರ ತೆಗೆದುಹಾಕಲಾಗಲಿಲ್ಲ. ನನ್ನ ಪವರ್ ಸಪ್ಲೈಯೂ 2017ರದ್ದು, 500 ವ್ಯಾಟಿನದು, ವಾರಂಟಿ ಮುಗಿದು ಕಾಲವಾಗಿದೆ. 120 ವ್ಯಾಟಿನ 1060ಯನ್ನು ಅದು ನಿರಾಯಾಸವಾಗಿ ನಡೆಸುತ್ತಿದೆ. ಆದರೆ ಕೆಪಾಸಿಟರ್‌ಗಳು ವಯಸ್ಸಾದಂತೆ ಸೊರಗುತ್ತವೆ, ಕೆಟ್ಟ ಪವರ್ ಸಪ್ಲೈ ಹೋಗುವಾಗ ಒಬ್ಬಂಟಿಯಾಗಿ ಹೋಗುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಕಾರ್ಡಿನ ಮೇಲಿನ ಸಾಲಿಗೆ ಈಗ ಪವರ್ ಸಪ್ಲೈ ಬಂದು ಕೂತಿದೆ. ಅದನ್ನು ಮುಂದಿನ ಯಂತ್ರಕ್ಕೂ ಒಯ್ಯಬಹುದಾದ್ದರಿಂದ 650 ವ್ಯಾಟಿನದು ಸಾಕೇ, 750ರದ್ದು ಬೇಕೇ ಎಂಬ ಲೆಕ್ಕ ನಡೆಯುತ್ತಿದೆ.